ಮೊದಲ ತುತ್ತು ಯಾರಿಗೆ?

ಇಂಗ್ಲೆಂಡಿಗೆ ಆಗ ಒಂದೇ ಕಿರೀಟ, ಅದಕ್ಕೆ ಇಬ್ಬರು ದಾಯಾದಿಗಳು. ಅವರ ಕಾಳಗದಲ್ಲಿ ಊರೂರೇ ಬೆಂದುಹೋಗಿತ್ತು. ಕೊನೆಗೆ ಬಿಷಪ್ಪರು ಸಂಧಿ ಮಾಡಿಸಲೆಂದು ಇಬ್ಬರನ್ನೂ ಒಂದೇ ಮೇಜಿಗೆ ಕರೆತಂದರು. ಅಡುಗೆಗೆ ಅಲ್ಲಿನ ಊರಿನ ಮಾರ್ಜರಿ ಎಂಬವಳನ್ನು ಕರೆಸಿದರು.

ಜಿಂಕೆಮಾಂಸ ತುಂಬಿ ಬೇಯಿಸಿದ ತಟ್ಟೆಯಗಲದ ಕಡುಬು ಹೊತ್ತು ಅವಳು ಬಾಗಿಲು ದಾಟಿದ್ದೇ ತಡ, ಹಿರಿಯ ದಾಯಾದಿ ಗುಡುಗಿದ: “ಮೊದಲು ನನಗೆ ಬಡಿಸು. ರಾಜ ನಾನು!”

“ಅವನಿಗೆ ಬಡಿಸಿದೆಯೋ, ನಿನ್ನ ತಲೆ ಇರಲ್ಲ,” ಎಂದ ಕಿರಿಯವ.

“ನನಗೆ ಬಡಿಸದಿದ್ದರೂ ಇರಲ್ಲ!”

ಮಾರ್ಜರಿಗೆ ಇದ್ದದ್ದು ಒಂದೇ ತಲೆ. ಅದನ್ನು ಅವಳು ತಗ್ಗಿಸಲಿಲ್ಲ.

“ಬಡಿಸೋದಕ್ಕೇನು ದೊರೆ, ಬಡಿಸ್ತೀನಿ. ಆದರೆ ಅರಮನೆಯಲ್ಲಿ ಮೊದಲ ತುತ್ತು ಆಳಿನದು. ವಿಷ ಇಲ್ಲ ಅಂತ ಅವನು ತಿಂದು ತೋರಿಸಿದ ಮೇಲೆ ತಾನೇ ರಾಜ ಕೈ ಹಾಕೋದು? ಈಗ ಹೇಳಿ, ಮೊದಲು ಯಾರಿಗೆ?”

ಹಿರಿಯವ ತಟ್ಟೆಯನ್ನು ಮೆಲ್ಲಗೆ ಆಚೆ ತಳ್ಳಿದ. “ಅವನಿಗೇ ಹಾಕು.”

“ಛೇ ಛೇ, ಅವರು ಹಿರಿಯರು,” ಎಂದ ಕಿರಿಯವ. “ಅವರದೇ ಮೊದಲಾಗಲಿ.”

ಕಡುಬು ಆರತೊಡಗಿತು. ಇಬ್ಬರ ಹೊಟ್ಟೆಯೂ ಗುರುಗುಟ್ಟಿತು.

“ಹಾಗಾದರೆ ಆಳಿನ ಕೆಲಸ ನನ್ನದೇ,” ಎಂದು ಮಾರ್ಜರಿ ಇಬ್ಬರ ನಡುವೆ ಕುರ್ಚಿ ಎಳೆದು ಕೂತಳು. ದೊಡ್ಡ ತುಂಡನ್ನೇ ಕತ್ತರಿಸಿಕೊಂಡು ನಿಧಾನವಾಗಿ ಅಗಿದಳು. ಇಬ್ಬರೂ ಅವಳ ಬಾಯನ್ನೇ ನೋಡುತ್ತಿದ್ದರು.

“ಹೇಗಿದೆ?” ಹಿರಿಯವನಿಗೆ ತಡೆಯಲಾಗಲಿಲ್ಲ.

“ಒಂದು ತುಂಡಿಗೆ ಏನು ಗೊತ್ತಾಗತ್ತೆ, ದೊರೆ?” ಎಂದು ಅವಳು ಇನ್ನೊಂದಕ್ಕೆ ಕೈ ಹಾಕಿದಳು.

ಕೊನೆಗೆ ಯಾರು ಪಟ್ಟಕ್ಕೇರಿದರೋ, ಆ ಊರಿನವರಿಗೆ ನೆನಪಿಲ್ಲ. ಇಬ್ಬರು ರಾಜರನ್ನು ಕಾಯಿಸಿ ಉಂಡವಳು ನಮ್ಮೂರವಳು ಎಂದು ಮಾತ್ರ ಎದೆಯುಬ್ಬಿಸಿ ಹೇಳುತ್ತಾರೆ.