ಕೇಳಿದರೆ ಬೇಡವೆನ್ನುತ್ತಿದ್ದ ಕಾಡು

"ಗುರುಗಳೇ, ನಮ್ಮ ಬೆಟ್ಟದ ಕಾಡನ್ನು ಇನ್ನು ಯಾರೂ ಮುಟ್ಟಕೂಡದೆಂದು ಸರ್ಕಾರ ಆಜ್ಞೆ ಹೊರಡಿಸಿದೆ. ಊರೆಲ್ಲ ಸಿಹಿ ಹಂಚುತ್ತಿದೆ. ತಾವೊಬ್ಬರೇ ಏಕೆ ಸುಮ್ಮನಿದ್ದೀರಿ?"

ಕೇಳಿದವನು ಗಿರಿಮಲ್ಲ. ಕಾರ್ಖಾನೆಯವರ ಗರಗಸ ಬೆಟ್ಟ ಹತ್ತಬಾರದೆಂದು ಊರವರನ್ನು ಕಟ್ಟಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದವನು ಅವನೇ. ಈಗ ಅವನ ಮುಖದಲ್ಲಿ ಗೆಲುವಿತ್ತು. ಗುರು ಹಾಲಯ್ಯನವರು ಅವನು ಕೊಟ್ಟ ಪೇಡೆಯನ್ನು ಬಾಯಿಗೆ ಹಾಕಿಕೊಳ್ಳದೆ ಪಕ್ಕಕ್ಕಿಟ್ಟರು. ಅವರಿಗೆ ಮಾತು ಕಡಿಮೆ, ಸಿಡುಕು ಹೆಚ್ಚು.

"ಕುಳಿತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದರು.

ಒಂದು ಬೆಟ್ಟವಿತ್ತು. ಬೆಟ್ಟದ ತುಂಬ ಕಾಡು. ಕಾಡಿನ ಅಂಚಿನಲ್ಲಿ ನಾಲ್ಕಾರು ಗುಡಿಸಲುಗಳ ಒಂದು ಹಾಡಿ, ಹಾಡಿಯಲ್ಲಿ ಒಬ್ಬ ಜೇನುಗಾರ. ಹೆಜ್ಜೇನು ಇಳಿಸುವುದು ಅವನ ಕಸುಬು. ಹಾಡಿಗೆ ಹಿರಿಯನೂ ಅವನೇ. ಈ ಕಾಡು ಯಾರದು ಎಂದು ಯಾರಾದರೂ ಕೇಳಿದರೆ ಅವನಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ. ಮಳೆ ಯಾರದು ಎಂದು ಕೇಳಿದರೆ ನೀನು ಏನು ಹೇಳುತ್ತೀಯೆ? ಹಾಗೆ.

ಆ ಸೀಮೆಯಲ್ಲಿ ಒಂದು ಕಟ್ಟಳೆ ನಡೆದುಬಂದಿತ್ತು. ಮರ ಬೇಕಾದವನು ಮರವನ್ನೇ ಕೇಳಬೇಕು. ಸಂಜೆ ಅದರ ಬುಡದಲ್ಲಿ ಒಂದು ಚೂರು ಬೆಲ್ಲ ಇಟ್ಟು ಕೈಮುಗಿದು ಬರಬೇಕು. ಬೆಳಗ್ಗೆ ಬೆಲ್ಲ ಇಟ್ಟ ಹಾಗೇ ಇದ್ದರೆ ಮರ ಒಪ್ಪಿತು. ಇರುವೆ ಮುತ್ತಿದ್ದರೆ ಒಪ್ಪಲಿಲ್ಲ. ಅಲ್ಲಯ್ಯಾ, ಬೆಲ್ಲ ಇಟ್ಟ ಮೇಲೆ ಇರುವೆ ಬಾರದ ಕಾಡು ಯಾವ ಲೋಕದಲ್ಲಿದೆ? ಇದು ಆ ಹಿರಿಯರಿಗೆ ತಿಳಿದಿರಲಿಲ್ಲ ಎಂದುಕೊಂಡು ನಗಬೇಡ. ಚೆನ್ನಾಗಿ ತಿಳಿದಿತ್ತು. ತಿಳಿದೇ ಮಾಡಿದ ಕಟ್ಟಳೆ. ಕೇಳುವವನು ಕೇಳಿದ, ಮರ ಬೇಡವೆಂದಿತು, ಅವನು ಬಿದ್ದ ಟೊಂಗೆಗಳನ್ನು ಆಯ್ದು ಹೊತ್ತುಕೊಂಡು ಬಂದ. ಆ ಟೊಂಗೆಯಲ್ಲೇ ಗುಡಿಸಲು ಎದ್ದಿತು, ಅದರಲ್ಲೇ ಅನ್ನ ಬೆಂದಿತು. ತಲೆತಲಾಂತರದಿಂದ ಹೀಗೆಯೇ ಸಾಗಿತ್ತು.

ಹೀಗಿರಲು ಒಬ್ಬ ವ್ಯಾಪಾರಿ ಬಂದ. ಕಬ್ಬಿಣ ಕರಗಿಸುವ ಕುಲುಮೆಗಳ ಒಡೆಯ. ಕುಲುಮೆಗೆ ಇದ್ದಿಲು ಬೇಕು, ಇದ್ದಿಲಿಗೆ ಮರ ಬೇಕು. ಬಯಲಿನ ತೋಪುಗಳನ್ನೆಲ್ಲ ಅವುಗಳ ಒಡೆಯರಿಂದ ಕೊಂಡು ಉರಿಸಿ ಮುಗಿಸಿದ್ದ. ಈಗ ಬೆಟ್ಟದ ಮೇಲೆ ಕಣ್ಣು ಬಿತ್ತು. ಬೆಟ್ಟದ ಬುಡದ ಊರುಗಳಿಂದ ಕೊಡಲಿಯ ಆಳುಗಳನ್ನು ಕರೆಸಿದ. ಅವರೂ ಅದೇ ಕಟ್ಟಳೆಯಲ್ಲಿ ಬೆಳೆದವರು. ಬೆಟ್ಟ ಹತ್ತಿದರು, ಬೆಲ್ಲ ಇಟ್ಟರು, ಬೆಳಗ್ಗೆ ಹೋಗಿ ನೋಡಿದರು, ಕೊಡಲಿ ಹೆಗಲಿಗೇರಿಸಿಕೊಂಡು ಇಳಿದುಬಂದರು. ವ್ಯಾಪಾರಿ ಕೂಲಿ ಹೆಚ್ಚಿಸಿದ. ಮತ್ತೆ ಹತ್ತಿದರು, ಮತ್ತೆ ಇಳಿದರು. ರೇಗಾಡಿದ, ಬೈದ. ಅವರು ತಲೆ ತಗ್ಗಿಸಿ ನಿಂತರೇ ಹೊರತು ಒಬ್ಬನೂ ಕೊಡಲಿ ಎತ್ತಲಿಲ್ಲ. ಕೊನೆಗೆ ಅವನು ಜೇನುಗಾರನ ಗುಡಿಸಲಿಗೇ ಬಂದ.

"ಈ ಕಾಡಿನ ಯಜಮಾನ ಯಾರಪ್ಪ? ಅವರ ಹತ್ತಿರವೇ ಮಾತಾಡುತ್ತೇನೆ. ಕೇಳಿದ್ದು ಕೊಡುತ್ತೇನೆ" ಎಂದ.

"ಯಜಮಾನ ಅಂತ ಯಾರೂ ಇಲ್ಲ ಸಾಹುಕಾರರೇ. ಮರವನ್ನೇ ಕೇಳಬೇಕು" ಎಂದ ಜೇನುಗಾರ.

"ಮರದ ಹತ್ತಿರ ವ್ಯಾಪಾರ ಮಾಡುವುದು ಹೇಗಯ್ಯಾ?"

"ಅದಕ್ಕೇ ಇದುವರೆಗೆ ಯಾರೂ ಮಾಡಿಲ್ಲ."

ವ್ಯಾಪಾರಿ ಕೈ ಹಿಸುಕಿಕೊಂಡು ಹೊರಟುಹೋದ.

ಕತೆ ಇಲ್ಲಿಗೇ ಮುಗಿದಿದ್ದರೆ ನಿನ್ನ ಪೇಡೆಯನ್ನು ನಾನೂ ತಿನ್ನುತ್ತಿದ್ದೆ. ಮುಗಿಯಲಿಲ್ಲ. ಜೇನುಗಾರನ ನೆಮ್ಮದಿ ಹಾರಿಹೋಯಿತು. ಈ ಸಲ ಬಂದವರು ನಮ್ಮ ಕಡೆಯವರು, ಅಂಜಿದರು. ಮುಂದಿನ ಸಲ ಅಂಜದವರನ್ನು ದೂರದಿಂದ ಹಿಡಿದು ತಂದರೆ? ಇರುವೆ ಕೊಡಲಿಯನ್ನು ತಡೆಯುತ್ತದೆಯೇ? ಹೀಗೆ ಯೋಚಿಸಿ ಯೋಚಿಸಿ ಸೊರಗಿದ. ಅವನನ್ನು ದಡ್ಡ ಎಂದರೆ ನಾನು ಒಪ್ಪುವುದಿಲ್ಲ. ಭಯಪಡಬೇಕಾದದ್ದಕ್ಕೇ ಭಯಪಟ್ಟ. ಕಾಡೆಂದರೆ ಅವನಿಗೆ ಪ್ರಾಣ. ಅವನ ಅಪ್ಪ ಜೇನು ಇಳಿಸುವಾಗ ಒಂದು ಹೊನ್ನೆ ಮರದಿಂದ ಬಿದ್ದು ಸತ್ತಿದ್ದ. ಆ ಮರದ ಮೇಲೂ ಅವನಿಗೆ ಸಿಟ್ಟಿರಲಿಲ್ಲ. ವರ್ಷಕ್ಕೊಮ್ಮೆ ಹೋಗಿ ಅದಕ್ಕೆ ಕೈಮುಗಿದು ಬರುತ್ತಿದ್ದ.

ಒಂದು ದಿನ ಬುತ್ತಿ ಕಟ್ಟಿಕೊಂಡು ರಾಜಧಾನಿಗೆ ನಡೆದ. ರಾಜನ ಕಾಲಿಗೆ ಬಿದ್ದು, ಕಾಡನ್ನು ಉಳಿಸಿಕೊಡಬೇಕು ಎಂದು ಬೇಡಿಕೊಂಡ.

ರಾಜ ಒಳ್ಳೆಯವನು. ಕತೆಯ ರಾಜರೆಲ್ಲ ಕೆಟ್ಟವರಾಗಿದ್ದರೆ ಕತೆ ಹೇಳುವವನಿಗೂ ಸುಲಭ, ಕೇಳುವವನಿಗೂ ಸುಲಭ. ಇವನು ಜೇನುಗಾರನನ್ನು ಎಬ್ಬಿಸಿ ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ಕೇಳಿದ. ಅವನ ಕಣ್ಣು ಒದ್ದೆಯಾಯಿತು. ಮರುದಿನವೇ ಡಂಗುರ ಸಾರಿಸಿದ. ಇಂದಿನಿಂದ ಆ ಕಾಡು ಅರಮನೆಯದು. ಅರಮನೆಯ ಅಪ್ಪಣೆಯಿಲ್ಲದೆ ಅಲ್ಲಿ ಒಂದು ಎಲೆಯನ್ನೂ ಕೀಳಕೂಡದು. ಬೆಟ್ಟದ ಸುತ್ತ ಗಡಿಕಲ್ಲು ನೆಟ್ಟರು. ಕಾವಲಿಗೆ ಭಟರು ಬಂದರು.

ಜೇನುಗಾರನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. "ಇನ್ನು ಬೆಲ್ಲ ಗಿಲ್ಲ ಯಾಕೆ? ಕಾಯುವುದಕ್ಕೆ ರಾಜನೇ ಇದ್ದಾನೆ" ಎಂದು ಹಾಡಿಯವರಿಗೆ ಅವನೇ ಹೇಳಿದ. ಬುಡದ ಊರುಗಳಿಗೂ ಹೋಗಿ ಹೇಳಿಬಂದ. ಬೆಲ್ಲ ಇಡುವುದು ನಿಂತಿತು. ಆಮೇಲೆ ಹುಟ್ಟಿದ ಮಕ್ಕಳಿಗೆ ಅಂಥದೊಂದು ಕಟ್ಟಳೆ ಇತ್ತೆಂಬುದೂ ಗೊತ್ತಾಗಲಿಲ್ಲ. ಭಟರು ಪ್ರಾಮಾಣಿಕರು. ವ್ಯಾಪಾರಿ ನಿಜವಾಗಿಯೂ ದೂರದ ಆಳುಗಳನ್ನು ಕಳಿಸಿದ. ಭಟರು ಅವರ ಕೊಡಲಿ ಕಿತ್ತುಕೊಂಡು ಅಟ್ಟಿದರು. ಜೇನು ಇಳಿಸುವುದಕ್ಕೂ ಅಪ್ಪಣೆ ಬೇಕು, ಗಡಿಕಲ್ಲು ದಾಟಬೇಡ ಎಂದು ಜೇನುಗಾರನಿಗೂ ಹೇಳಿದರು. ಅವನು ಅದನ್ನೂ ನುಂಗಿಕೊಂಡ. ನಾನು ಒಳಗೆ ಹೋಗದಿದ್ದರೆ ಹೋಗಲಿ, ಕಾಡು ಉಳಿದರೆ ಸಾಕು ಎಂದುಕೊಂಡ.

ಇಲ್ಲಿ ಗಿರಿಮಲ್ಲನಿಗೆ ತಡೆಯಲಾಗಲಿಲ್ಲ. "ಕೊನೆಗೆ ಬೇಲಿಯೇ ಎದ್ದು ಹೊಲ ಮೇಯಿತು, ಅಷ್ಟೇ ತಾನೇ?" ಎಂದ.

"ಗಾದೆ ಹೇಳಿ ತಪ್ಪಿಸಿಕೊಳ್ಳಬೇಡ" ಎಂದು ಹಾಲಯ್ಯನವರು ಗದರಿದರು. "ಬೇಲಿ ಒಂದು ಎಲೆಯನ್ನೂ ಮೇಯಲಿಲ್ಲ. ಕೇಳು."

ವ್ಯಾಪಾರಿಗೆ ಈಗ ಯಾರನ್ನು ಕೇಳಬೇಕೆಂಬ ಚಿಂತೆ ಇರಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಹಾರ, ಹಣ್ಣು ಹಿಡಿದು ಹಾಡಹಗಲಿನಲ್ಲೇ ಅರಮನೆಗೆ ಹೋದ. ನಾಡಿಗೆ ಕಬ್ಬಿಣ ಬೇಕು ಪ್ರಭು, ನೇಗಿಲಿಗೆ, ಬಂಡಿಗೆ, ತಮ್ಮ ಭಟರ ಈಟಿಗೆ ಎಂದ. ಕುಲುಮೆ ಉರಿದರೆ ಸಾವಿರ ಮನೆಯಲ್ಲಿ ಒಲೆ ಉರಿಯುತ್ತದೆ ಎಂದ. ಬೆಟ್ಟದ ಒಂದು ಮಗ್ಗುಲು ಸಾಕು, ಮತ್ತೆ ಕೇಳುವುದಿಲ್ಲ ಎಂದ. ಕೊನೆಯ ಮಾತೊಂದನ್ನು ಬಿಟ್ಟರೆ ಸುಳ್ಳೇನೂ ಇರಲಿಲ್ಲ. ಮಂತ್ರಿಗಳು ತಲೆದೂಗಿದರು. ರಾಜ ಬಹಳ ಯೋಚಿಸಿದ. ಯೋಚಿಸಿ, ಆಗಲಿ ಎಂದ.

ಸುದ್ದಿ ಜೇನುಗಾರನ ಕಿವಿಗೂ ಬಿತ್ತು. ಮತ್ತೆ ರಾಜಧಾನಿಗೆ ಓಡಿದ. ಈ ಸಲ ಬಾಗಿಲಲ್ಲಿ ಬಹಳ ಹೊತ್ತು ಕಾಯಬೇಕಾಯಿತು.

"ಪ್ರಭು, ಅಂದು ನನಗೆ ಮಾತು ಕೊಟ್ಟಿದ್ದಿರಿ" ಎಂದ.

"ಮಾತು ತಪ್ಪಿಲ್ಲ. ಅಪ್ಪಣೆಯಿಲ್ಲದೆ ಒಂದು ಎಲೆಯನ್ನೂ ಕೀಳಕೂಡದು ಎಂದಿದ್ದೆ. ಅಪ್ಪಣೆಯಿಲ್ಲದೆ ಯಾರೂ ಕೀಳುತ್ತಿಲ್ಲವಲ್ಲ" ಎಂದ ರಾಜ.

ಇದನ್ನು ಅವನು ಕುಹಕದಿಂದ ಹೇಳಲಿಲ್ಲ. ಅವನಿಗೂ ಬೇಸರವಾಗಿತ್ತು. ಆದರೆ ಬೇಸರದಿಂದ ಮರ ಉಳಿಯುವುದಿಲ್ಲ.

ಜೇನುಗಾರ ಹಿಂತಿರುಗುವ ಹೊತ್ತಿಗೆ ಆಳುಗಳು ಬೆಟ್ಟ ಹತ್ತುತ್ತಿದ್ದರು. ದೂರದವರಲ್ಲ, ಬುಡದ ಊರುಗಳವರೇ. ಹಿಂದೆ ಕೊಡಲಿ ಹೊತ್ತುಕೊಂಡು ಇಳಿದುಹೋದವರಲ್ಲಿ ಒಬ್ಬ, ಈಗ ತಲೆ ನರೆತವನು, ಮುಂದೆ ನಡೆಯುತ್ತಿದ್ದ. ಜೇನುಗಾರ ಗಡಿಕಲ್ಲು ದಾಟಿ ಓಡಿಹೋಗಿ ಅವನ ಕೈ ಹಿಡಿದುಕೊಂಡ. "ಇವತ್ತೊಂದು ಸಂಜೆ ಬೆಲ್ಲ ಇಟ್ಟು ಕೇಳಿ ನೋಡು. ನಿನ್ನ ದಮ್ಮಯ್ಯ" ಎಂದ.

"ಮತ್ತೆ ಯಾಕೆ ಯಜಮಾನರೇ? ಕೇಳಬೇಕಾದವರನ್ನು ಕೇಳಿಯಾಗಿದೆ. ಅವರು ಹೂಂ ಅಂದಿದ್ದಾರೆ" ಎಂದ ಆ ಆಳು. ಮೆತ್ತಗೆ ಕೈ ಬಿಡಿಸಿಕೊಂಡು ಮೇಲೆ ಹೋದ. ಅವನಿಗೆ ಅಂಜಿಕೆ ಇರಲಿಲ್ಲ. ಪಾಪವೆಲ್ಲ ಅಪ್ಪಣೆ ಕೊಟ್ಟವರ ತಲೆಗೆ ಹೋಗಿತ್ತು.

ಭಟರು ಬಂದು ಜೇನುಗಾರನ ತೋಳು ಹಿಡಿದರು. "ಅವರಿಗೆ ಅಪ್ಪಣೆ ಇದೆ ಅಜ್ಜ, ನಿನಗಿಲ್ಲ" ಎಂದು ಗಡಿಕಲ್ಲಿನ ಈಚೆಗೆ ತಂದು ಬಿಟ್ಟರು. ಅವರು ಆಗಲೂ ಪ್ರಾಮಾಣಿಕರೇ.

ಒಂದು ಮಗ್ಗುಲು ಬೋಳಾಯಿತು. ವ್ಯಾಪಾರಿ ಮತ್ತೆ ಕೇಳಿದ, ಮತ್ತೆ ಸಿಕ್ಕಿತು. ಒಮ್ಮೆ ಹೂಂ ಎಂದವನಿಗೆ ಎರಡನೆಯ ಸಲ ಯೋಚನೆ ಅಷ್ಟು ಹಿಡಿಯುವುದಿಲ್ಲ. ಜೇನುಗಾರ ದಿನವೂ ಬಂದು ಗಡಿಕಲ್ಲಿನ ಈಚೆಗೆ ಕುಳಿತು ಮರ ಬೀಳುವ ಸದ್ದು ಕೇಳುತ್ತಿದ್ದ. ಕೂಗಿಕೊಳ್ಳಬೇಕೆನಿಸುತ್ತಿತ್ತು. ಏನೆಂದು ಕೂಗುವುದು, ಯಾರ ಮೇಲೆ ಕೂಗುವುದು? ವ್ಯಾಪಾರಿ ಕೇಳಿ ಪಡೆದಿದ್ದ, ರಾಜ ಯೋಚಿಸಿ ಕೊಟ್ಟಿದ್ದ, ಭಟರು ಕಾವಲು ತಪ್ಪಿಸಿರಲಿಲ್ಲ, ಆಳುಗಳು ಕೂಲಿಗೆ ದುಡಿದಿದ್ದರು. ಅಳುವುದಕ್ಕೂ ಅವನಿಗೆ ಒಂದು ನೆಪ ಸಿಗಲಿಲ್ಲ. ಹೆಜ್ಜೇನು ಎದ್ದುಹೋದವು. ಕಾಯುವುದಕ್ಕೆ ಏನೂ ಉಳಿಯದೆ ಭಟರೂ ಹೋದರು. ಹಾಡಿಯವರು ಒಬ್ಬೊಬ್ಬರಾಗಿ ಕುಲುಮೆಯ ಕೂಲಿಗೆ ಇಳಿದರು. ಜೇನುಗಾರ ಮಾತ್ರ ಹೋಗಲಿಲ್ಲ. ಕೊರಗಿ ಕೊರಗಿ ಅಲ್ಲೇ ಸತ್ತ.

ಹಾಲಯ್ಯನವರು ನಿಲ್ಲಿಸಿದರು. ಗಿರಿಮಲ್ಲನ ಗೆಲುವು ಇಳಿದಿತ್ತು. ಆದರೂ ಅವನು ಸೋಲೊಪ್ಪಲಿಲ್ಲ.

"ಗುರುಗಳೇ, ಅವನು ರಾಜನ ಹತ್ತಿರ ಹೋಗದೇ ಇದ್ದಿದ್ದರೂ ವ್ಯಾಪಾರಿ ಬಿಡುತ್ತಿರಲಿಲ್ಲ. ದೂರದ ಆಳುಗಳು ಎಂದೋ ಬಂದು ಕಡಿದು ಹಾಕುತ್ತಿದ್ದರು. ಹೇಗಿದ್ದರೂ ಹೋಗುವ ಕಾಡು ಅದು. ಏನು ವ್ಯತ್ಯಾಸವಾಯಿತು?"

ಹಾಲಯ್ಯನವರು ಅವನ ಮುಖವನ್ನೇ ನೋಡುತ್ತಾ ಹೇಳಿದರು:

"ಆಗ ಕಡಿದಿದ್ದರೆ ಅದಕ್ಕೆ ಕಳ್ಳತನವೆಂಬ ಹೆಸರಾದರೂ ಇರುತ್ತಿತ್ತು."