ಜುಂಜಣ್ಣನ ಡೀಸೆಲ್ ಕಾರು, ಜೇನುಮೇಣದ ತೇಪೆ

ಬಂಡೆಯ ಮೇಲೆ ಬಂಡೆ, ಅದರ ಮೇಲೆ ಇನ್ನೊಂದು ಬಂಡೆ. ಅಂಥ ಗುಡ್ಡಗಳ ನಡುವೆ ಇಪ್ಪೆಗಾಡು ಎಂಬ ಕಾಡಿತ್ತು, ಮಕ್ಕಳೇ. ಬೇಸಿಗೆಯ ಬೆಳಗಿನಲ್ಲಿ ಅಲ್ಲಿ ಇಪ್ಪೆ ಹೂಗಳು ಸದ್ದಿಲ್ಲದೆ ಉದುರುತ್ತಿದ್ದವು. ಅವುಗಳ ಸಿಹಿ ವಾಸನೆ ತೆಳು ಮಂಜಿನೊಳಗೆ ಸೇರಿಕೊಂಡರೆ ಇಡೀ ಕಾಡಿಗೇ ಅರ್ಧ ನಿದ್ದೆ ಹತ್ತಿದಂತಿರುತ್ತಿತ್ತು.

ಗುಡ್ಡದ ಕೆಳಗೊಂದು ತಾವರೆಹೊಂಡ. ಗುಡ್ಡದ ಮೇಲೆ ಎಂದೂ ಬತ್ತದ ಕೆರೆ. ಬೇಸಿಗೆ ಬಲಿತು ತಾವರೆದಂಟುಗಳು ಕೆಸರಿನ ಮೇಲೆ ಒರಗಿದವೆಂದರೆ ಹೊಂಡದ ಮರಿಗಳನ್ನು ಮೇಲಿನ ಕೆರೆಗೆ ಸಾಗಿಸಲೇಬೇಕು. ಗೊದಮೊಟ್ಟೆಗಳಿಗೆ ಇನ್ನೂ ಕಾಲು ಮೂಡಿರುವುದಿಲ್ಲ. ಮೀನುಮರಿಗಳಿಗಂತೂ ಮೂಡುವುದೇ ಇಲ್ಲ. ಹಾಗಾಗಿ ಅವನ್ನೆಲ್ಲ ನೀರು ತುಂಬಿದ ಹಂಡೆಗಳಲ್ಲಿಟ್ಟು ಕಾರಿನಲ್ಲಿ ಒಯ್ಯುವುದು ಆ ಕಾಡಿನ ಪದ್ಧತಿ. ಅದನ್ನು ‘ನೀರುಗುಳೆ’ ಎನ್ನುತ್ತಿದ್ದರು.

ಕಾರು ಯಾರದು? ಕರಡಿ ಜುಂಜಣ್ಣನದು. ಹಳೆಯ ಡೀಸೆಲ್ ಕಾರು. ಮೀಟರಿನಲ್ಲಿ ಮೂರು ಲಕ್ಷ ಕಿಲೋಮೀಟರ್ ದಾಟಿತ್ತು. ಏರು ಬಂದಾಗ ಕ್ಲಚ್ ಜಾರುತ್ತಿತ್ತು, ಎಂಜಿನ್ ಕೂಗುತ್ತಿತ್ತೇ ಹೊರತು ಚಕ್ರಕ್ಕೆ ಬಲ ಬರುತ್ತಿರಲಿಲ್ಲ. ಎಂಜಿನ್ನಿಗೆ ಗಾಳಿ ನೂಕುವ ರಬ್ಬರ್ ಪೈಪು ಹೋದ ವರ್ಷವೇ ಬಿರುಕು ಬಿಟ್ಟಿತ್ತು. ಬೇರೆಯವರಾಗಿದ್ದರೆ ಹೊಸ ಪೈಪು ಹಾಕಿಸುತ್ತಿದ್ದರು. ಜುಂಜಣ್ಣ ಕರಡಿಯಲ್ಲವೇ? ಬಿರುಕಿಗೆ ಜೇನುಮೇಣ ಮೆತ್ತಿ, ಮೇಲೆ ಕತ್ತಾಳೆ ನಾರು ಸುತ್ತಿ, “ಆಯ್ತು ಬಿಡು” ಎಂದು ಕೈ ನೆಕ್ಕಿಕೊಂಡಿದ್ದ. ನಿಧಾನವಾಗಿ ಓಡಿಸುವಷ್ಟು ದಿನ ಆ ತೇಪೆ ನಿಂತಿತ್ತು.

ಒಂದು ಸಂಜೆ ಜುಂಜಣ್ಣ ಗುಡ್ಡದ ರಸ್ತೆ ಹತ್ತುತ್ತಿದ್ದಾಗ ಹಿಂದಿನಿಂದ ಹಾರನ್ ಕೇಳಿತು. ಮೊಲ ಚೆಲುವಯ್ಯ ಹೊಸ ಕಾರು ಕೊಂಡಿದ್ದ. ಪುಟ್ಟ ಕಾರು, ಕೆಂಪು ಬಣ್ಣ. ಪಕ್ಕಕ್ಕೆ ಬಂದು ಕಿಟಕಿ ಇಳಿಸಿದ.

“ಏನ್ ಜುಂಜಣ್ಣ, ಗಾಡಿ ಹೋಗ್ತಿದೆಯೋ ನಿಂತಿದೆಯೋ? ಗೊತ್ತೇ ಆಗ್ತಿಲ್ಲವಲ್ಲಪ್ಪ!”

ಅಷ್ಟು ಹೇಳಿ ಸುಂಯ್ಯನೆ ಹೊರಟೇಹೋದ. ಜುಂಜಣ್ಣನಿಗೆ ಆ ಮಾತು ನಾಟಿತು. ಮೈತುಂಬ ಕೂದಲಿದ್ದರೂ ಒಳಗಿನ ಮನಸ್ಸು ಬಹಳ ಮೆತ್ತಗೆ, ಪಾಪ.

ಮರುದಿನ ಹೊಟ್ಟೆ ತುಂಬ ಇಪ್ಪೆ ಹೂ ತಿಂದು ಮರದಡಿ ಒರಗಿದ. ಕಣ್ಣು ಎಳೆಯಿತು. ಕನಸಿನಲ್ಲಿ ಅವನ ಕಾರಿಗೆ ಚಕ್ರವೇ ಇರಲಿಲ್ಲ. ಹೂವಿನ ಹಾಗೆ ಹಗುರಾಗಿ ಅದು ಬಂಡೆಗಳ ಮೇಲಿಂದ ತೇಲಿತು. ಕೆಳಗೆ ಮೊಲದ ಕೆಂಪು ಕಾರು ಗುಲಗಂಜಿಯಷ್ಟು ಕಂಡಿತು. ಕ್ಲಚ್ ಜಾರಲಿಲ್ಲ, ಪೈಪು ಸೋರಲಿಲ್ಲ. ಕನಸಿನಲ್ಲಿ ಯಾರ ಗಾಡಿಗೂ ಕಾಯಿಲೆ ಇರುವುದಿಲ್ಲ ನೋಡಿ! ಎಚ್ಚರವಾದಾಗಲೂ ಜುಂಜಣ್ಣನಿಗೆ ತೇಲುತ್ತಿರುವ ಹಾಗೇ ಇತ್ತು. ಅದೇ ಮಂಪರಿನಲ್ಲಿ ಕಾರು ಹತ್ತಿ ನರಿ ಕೆಂಚಪ್ಪನ ಗ್ಯಾರೇಜಿಗೆ ಹೋದ.

ನರಿ ಎಂದ ಕೂಡಲೇ ಮೋಸ ಎಂದುಕೊಂಡಿರಲ್ಲವೇ? ತಾಳಿ, ತಾಳಿ. ಕೆಂಚಪ್ಪ ಆಲದ ಮರದಡಿ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಯತ್ತಿನಿಂದ ದುಡಿಯುವ ನರಿ.

“ಕೆಂಚಪ್ಪ, ಗಾಡಿಗೆ ಜೋರು ಬರಬೇಕು. ಏನೋ ರೀಮ್ಯಾಪ್ ಅಂತ ಮಾಡ್ತೀಯಂತಲ್ಲ, ಏನದು?”

“ಎಂಜಿನ್ ಹತ್ತಿರ ಒಂದು ಪುಟ್ಟ ಪೆಟ್ಟಿಗೆ ಇರ್ತದಣ್ಣ. ಎಷ್ಟು ಡೀಸೆಲ್ ಕುಡಿ, ಎಷ್ಟು ಗಾಳಿ ಎಳಿ ಅಂತ ಎಂಜಿನ್ನಿಗೆ ಅದೇ ಹೇಳೋದು. ಆ ಪೆಟ್ಟಿಗೆಗೆ ನಾನು ಹೊಸ ಪಾಠ ಹೇಳ್ಕೊಡ್ತೀನಿ. ಆಗ ಜೋರು ಹೆಚ್ಚುತ್ತೆ.”

“ಮಾಡು ಮತ್ತೆ, ಈಗಲೇ ಮಾಡು!”

“ಇರಣ್ಣ. ಜೋರು ಹೆಚ್ಚಿದರೆ ಒತ್ತಡವೂ ಹೆಚ್ಚುತ್ತೆ. ಗಟ್ಟಿಮುಟ್ಟಾದ ಗಾಡಿ ತಡ್ಕೊಳ್ಳುತ್ತೆ. ನಿನ್ನದಕ್ಕೆ ವಯಸ್ಸಾಗಿದೆ. ನಿಜ ಹೇಳು, ಕ್ಲಚ್ ಜಾರ್ತದಾ?”

ಜುಂಜಣ್ಣನ ಕಣ್ಣ ಮುಂದೆ ಆ ಕೆಂಪು ಕಾರು ಸುಳಿಯಿತು. “ಇಲ್ಲಪ್ಪ” ಎಂದ.

“ಗಾಳಿ ಪೈಪು?”

“ಕಲ್ಲಿನ ಹಾಗಿದೆ.”

ಕೆಂಚಪ್ಪ ಮೂಗು ಅರಳಿಸಿದ. “ಏನೋ ಜೇನಿನ ವಾಸನೆ ಬರ್ತಿದೆಯಲ್ಲ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಜುಂಜಣ್ಣ ಕಾರಿನ ಮೂತಿಗೆ ಅಡ್ಡ ನಿಂತೇಬಿಟ್ಟ. “ನಾನು ಕರಡಿ ಕಣಯ್ಯ! ನನ್ನ ಮೈಯಿಂದ ಇನ್ನೇನು ಸಂಪಿಗೆ ವಾಸನೆ ಬರುತ್ತಾ?”

“ಒಂದು ಸಲ ಗುಡ್ಡ ಹತ್ತಿಸಿ ನೋಡಲಾ?”

“ನನ್ನ ಮಾತಿನ ಮೇಲೆ ನಂಬಿಕೆ ಇಲ್ಲವಾ ನಿನಗೆ?”

ಹಿರಿಯ ಕರಡಿ ಹಾಗೆ ಕೇಳಿದ ಮೇಲೆ ಕೆಂಚಪ್ಪ ಒಪ್ಪಿಕೊಂಡ. ಲ್ಯಾಪ್‌ಟಾಪಿನ ತಂತಿಯನ್ನು ಕಾರಿಗೆ ಸಿಕ್ಕಿಸಿ ಹೊಸ ಪಾಠ ಹೇಳಿಕೊಟ್ಟ. ಮನೆಗೆ ಹೋಗುವಾಗ ಬಯಲು ದಾರಿಯಲ್ಲಿ ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಸಾಕು, ಕಾರು ಮುಂದಕ್ಕೆ ನೆಗೆಯುತ್ತಿತ್ತು. ಜುಂಜಣ್ಣನಿಗೆ ಕಣ್ಣಲ್ಲಿ ನೀರು ಬರುವಷ್ಟು ಸಂತೋಷವಾಯಿತು.

ಎರಡು ದಿನ ಕಳೆಯುವಷ್ಟರಲ್ಲಿ ತಾವರೆದಂಟುಗಳು ಒರಗಿದವು. ನೀರುಗುಳೆಯ ಮೊದಲ ಪ್ರಯಾಣಕ್ಕೆ ಗೊದಮೊಟ್ಟೆಗಳದೇ ಸರದಿ. ಬೆಳಗಿನ ತಂಪಿನಲ್ಲಿ ಹಂಡೆಗಳನ್ನು ಹಿಂದೆ ಸಾಲಾಗಿ ಇಟ್ಟರು. ಕಪ್ಪೆ ಹೊನ್ನಕ್ಕ ಮುಂದಿನ ಸೀಟಿನಲ್ಲಿ ಕುಳಿತು ಮರಿಗಳ ಕಡೆಗೇ ತಿರುಗಿ ನೋಡುತ್ತಿದ್ದಳು. ಎಲ್ಲವೂ ಅವಳ ಹೊಟ್ಟೆಯಲ್ಲಿ ಹುಟ್ಟಿದವು.

“ಜುಂಜಣ್ಣ, ಬಿಸಿಲೇರೋದರೊಳಗೆ ಸೇರಿಸಿಬಿಡಪ್ಪ. ಹಂಡೆ ನೀರು ಕಾದರೆ ನನ್ನ ಮಕ್ಕಳು ಉಳಿಯಲ್ಲ.”

“ಈ ಸಲ ಬಿಸಿಲಿಗಿಂತ ನಾವೇ ಮುಂದಿರ್ತೀವಿ, ನೋಡ್ತಿರು ಹೊನ್ನಕ್ಕ.”

ಹೊರಟರು. ಮಂಜಿನ ಎಳೆಗಳು ಗಾಜಿಗೆ ತಾಕಿ ಕರಗುತ್ತಿದ್ದವು. ಇಪ್ಪೆ ಮರಗಳು ಎರಡೂ ಬದಿಯಲ್ಲಿ ಮೆಲ್ಲಗೆ ಸರಿಯುವ ಬದಲು ಓಡತೊಡಗಿದವು. ಹಂಡೆಗಳ ನೀರು ಕುಲುಕಿತು, ಗೊದಮೊಟ್ಟೆಗಳು ಕರಿಮಣಿಗಳು ಚೆಲ್ಲಿದಂತೆ ಅತ್ತಿತ್ತ ಹರಿದಾಡಿದವು. ಮುಂದೆ ಚೆಲುವಯ್ಯನ ಕೆಂಪು ಕಾರು ಕಂಡಿತು. ಜುಂಜಣ್ಣ ಹಾರನ್ ಹೊಡೆದ, ಪಕ್ಕಕ್ಕೆ ಬಂದ, ದಾಟಿಯೇಬಿಟ್ಟ! ಕನಸು ಯಾವುದು, ರಸ್ತೆ ಯಾವುದು ಎಂದು ಆ ಗಳಿಗೆಯಲ್ಲಿ ಅವನಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಗುಡ್ಡದ ಏರು ಬಂತು.

ಮೊದಲು ಸಣ್ಣಗೆ ಸಿಹಿ ವಾಸನೆ ಬಂತು. ಎಂಜಿನ್ನಿನ ಬಿಸಿಗೆ ಜೇನುಮೇಣ ಕರಗುತ್ತಿತ್ತು. ಹೊಸ ಪಾಠ ಕಲಿತ ಎಂಜಿನ್ನೋ ಹಿಂದೆಂದೂ ಇಲ್ಲದ ಜೋರಿನಲ್ಲಿ ಗಾಳಿ ನೂಕುತ್ತಿತ್ತು. ಫಟ್ ಎಂದು ನಾರು ಹರಿಯಿತು. ಪುಸ್ಸೆಂದು ಗಾಳಿ ಹೊರಗೆ ಹೋಯಿತು. ಕಾರಿನ ಹಿಂದೆ ಕಾಡಿಗೆಯಂಥ ಹೊಗೆ ಎದ್ದಿತು. ಜುಂಜಣ್ಣ ಗಾಬರಿಯಿಂದ ಇನ್ನಷ್ಟು ಒತ್ತಿದ. ಕ್ಲಚ್ ಜಾರಿ ಸುಟ್ಟ ನಾತ ಬಂತು. ಕಾರು ಏದುಸಿರು ಬಿಟ್ಟು ನಿಂತಿತು. ನಿಂತದ್ದಾದರೂ ಎಲ್ಲಿ? ಸುತ್ತ ಬರೀ ಬಂಡೆ, ಒಂದು ಮರದ ನೆರಳೂ ಇಲ್ಲದ ಕಡೆ.

“ಏನಾಯ್ತಣ್ಣ?” ಹೊನ್ನಕ್ಕ ಕೇಳಿದಳು.

“ಏನಿಲ್ಲ. ಗಾಡಿ ಸ್ವಲ್ಪ ಉಸಿರು ತಗೊಳ್ತಿದೆ ಅಷ್ಟೆ.”

ಮಂಜು ಹರಿಯಿತು. ಬಂಡೆಗಳ ಮೇಲೆ ಬಿಸಿಲು ಇಳಿಯಿತು. ಹಂಡೆಯ ತಳದಲ್ಲಿದ್ದ ಗೊದಮೊಟ್ಟೆಗಳು ಒಂದೊಂದಾಗಿ ಮೇಲೆ ಬಂದು ಪುಟ್ಟ ಬಾಯಿ ತೆರೆದು ಮುಚ್ಚತೊಡಗಿದವು. ಹೊನ್ನಕ್ಕ ನೀರಿಗೆ ಕೈಯಿಟ್ಟು ನೋಡಿದಳು.

“ನೀರು ಬೆಚ್ಚಗಾಗ್ತಿದೆ ಜುಂಜಣ್ಣ. ಇವು ನನ್ನ ಮಕ್ಕಳು. ನಿಜ ಹೇಳು, ಗಾಡಿ ಹೊರಡುತ್ತಾ?”

ಜುಂಜಣ್ಣ ಆ ಪುಟ್ಟ ಬಾಯಿಗಳನ್ನು ನೋಡಿದ. “ಇಲ್ಲ ಹೊನ್ನಕ್ಕ. ಪೈಪು ಮೊದಲೇ ಒಡೆದಿತ್ತು. ನಾನೇ ಮೇಣ ಮೆತ್ತಿದ್ದೆ. ಕ್ಲಚ್ ಕೂಡ ಜಾರುತ್ತಿತ್ತು. ಕೆಂಚಪ್ಪ ಕೇಳಿದಾಗ ಎಲ್ಲ ಮುಚ್ಚಿಟ್ಟೆ. ನನ್ನ ತಪ್ಪು.”

ಹೊನ್ನಕ್ಕ ಬೈಯಲಿಲ್ಲ. ಬೈಯುವುದಕ್ಕೂ ಹೊತ್ತಿರಲಿಲ್ಲ. ಆಗಲೇ ಕೆಳಗಿನ ತಿರುವಿನಲ್ಲಿ ಕೆಂಪು ಕಾರು ಕಾಣಿಸಿತು. ನಾಚಿಕೆಯಿಂದ ಜುಂಜಣ್ಣನಿಗೆ ಬಂಡೆಯ ಹಿಂದೆ ಅಡಗಿಕೊಳ್ಳಬೇಕೆನಿಸಿತು. ಆದರೂ ರಸ್ತೆಯ ನಡುವೆ ನಿಂತು ಎರಡೂ ಕೈ ಮುಗಿದ.

“ಚೆಲುವಯ್ಯ, ನನ್ನ ಗಾಡಿ ಕೆಟ್ಟಿದೆ. ಈ ಮರಿಗಳನ್ನು ಕೆರೆಗೆ ಸೇರಿಸಪ್ಪ.”

ಚೆಲುವಯ್ಯ ನಗಲಿಲ್ಲ. ಹಂಡೆಗೆ ಇಣುಕಿದವನೇ ಕಾರಿನ ಬಾಗಿಲು ತೆಗೆದ. ಪುಟ್ಟ ಕಾರು, ಹಿಡಿದಷ್ಟು ಹಂಡೆ ಹಿಡಿಯಿತು. ಉಳಿದದ್ದು ಒಂದೇ ದೊಡ್ಡ ಹಂಡೆ. ಅದನ್ನು ಜುಂಜಣ್ಣ ಎದೆಗವಚಿಕೊಂಡ. ಮೇಲೆ ಬಾಗಿ ತನ್ನ ಮೈಯ ನೆರಳನ್ನೇ ನೀರಿಗೆ ಕೊಡುತ್ತ ಗುಡ್ಡ ಹತ್ತಿದ. ಕಾದ ಬಂಡೆ ಅಂಗಾಲನ್ನು ಸುಡುತ್ತಿತ್ತು. ಹೊನ್ನಕ್ಕ ಅವನ ಹೆಗಲ ಮೇಲೆ ಕುಳಿತು, “ಇನ್ನೇನು ಬಂತಣ್ಣ, ಇನ್ನೇನು ಬಂತು” ಎನ್ನುತ್ತಲೇ ಇದ್ದಳು.

ಕೆರೆ ಬಂತು. ಚೆಲುವಯ್ಯ ತಂದ ಮರಿಗಳು ಆಗಲೇ ತಂಪು ನೀರಿನಲ್ಲಿ ಆಡುತ್ತಿದ್ದವು. ಜುಂಜಣ್ಣ ಮಂಡಿಯವರೆಗೆ ಇಳಿದು ಹಂಡೆಯನ್ನು ಮೆಲ್ಲಗೆ ಬಾಗಿಸಿದ. ಕರಿಮಣಿಗಳಂಥ ಮರಿಗಳು ಹೊರಗೆ ಜಾರಿ ನೀರಿನಲ್ಲಿ ಹಾಗೇ ನಿಂತವು. ಒಂದೂ ಅಲುಗಲಿಲ್ಲ. ಕೆರೆಯ ಮೇಲೆ ಗಾಳಿ ಕೂಡ ನಿಂತಿತ್ತು. ಜುಂಜಣ್ಣ ಉಸಿರು ಬಿಗಿಹಿಡಿದ. ಹೊನ್ನಕ್ಕ ಕಣ್ಣು ಮುಚ್ಚಿಕೊಂಡಳು.

ಆಮೇಲೆ ಒಂದು ಬಾಲ ಅಲುಗಿತು. ಪಕ್ಕದ್ದೂ ಅಲುಗಿತು. ನೋಡನೋಡುತ್ತ ಮರಿಗಳೆಲ್ಲ ನೀರಿನ ಆಳಕ್ಕೆ ಇಳಿದು ಮರೆಯಾದವು. ಅಷ್ಟು ದೊಡ್ಡ ಕರಡಿ ಕೆರೆಯಲ್ಲಿ ಕುಳಿತು ಗಳಗಳನೆ ಅತ್ತಿತು.

ಸುದ್ದಿ ತಿಳಿದು ಕೆಂಚಪ್ಪ ಸಾಮಾನು ಹೊತ್ತು ಬಂದ. ಈ ಸಲ ಅವನು ಕೇಳುವ ಮೊದಲೇ ಜುಂಜಣ್ಣ ಕಾರಿನ ಕಾಯಿಲೆಗಳನ್ನೆಲ್ಲ ಹೇಳತೊಡಗಿದ. ಪೈಪು, ಕ್ಲಚ್, ಬೆಳಗ್ಗೆ ಬರುವ ಹೊಗೆ, ಕೊನೆಗೆ ಮುಚ್ಚಿದರೂ ಮುಚ್ಚದ ಹಿಂಬಾಗಿಲನ್ನೂ ಬಿಡಲಿಲ್ಲ.

“ಇದರಲ್ಲಿ ಅರ್ಧ ಹೇಳಿದ್ದರೂ ನಾನು ಅವತ್ತು ಲ್ಯಾಪ್‌ಟಾಪ್ ತೆಗೀತಿರಲಿಲ್ಲ” ಎಂದ ಕೆಂಚಪ್ಪ. “ನನ್ನದೂ ತಪ್ಪಿದೆ. ನೀನು ಮುನಿಸಿಕೊಂಡರೂ ಸರಿ, ಒಂದು ಸಲ ಓಡಿಸಿ ನೋಡಬೇಕಿತ್ತು. ಈಗ ಏನು ಮಾಡಲಿ ಹೇಳು. ಹೊಸ ಪಾಠ ಹಾಗೇ ಇರಲಾ?”

ಜುಂಜಣ್ಣ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟ. “ಬೇಡ. ಹಳೇ ಪಾಠವನ್ನೇ ಹಾಕು. ಪೈಪು ಹೊಸದು ಹಾಕು. ಕ್ಲಚ್ ಬದಲಾಯಿಸೋವರೆಗೂ ಅರ್ಧ ಹೊರೆ ಮಾತ್ರ ಒಯ್ತೀನಿ. ವಯಸ್ಸಾದ ಜೀವ, ಅದಕ್ಕೆ ತಕ್ಕ ಹಾಗೆ ನಾನೇ ನಡೆದುಕೊಳ್ತೀನಿ.”

ಕೆಂಚಪ್ಪ ಹಾಗೇ ಮಾಡಿಕೊಟ್ಟ. ಸಂಜೆ ಎಲ್ಲರೂ ಕೆರೆಯ ದಂಡೆಯಲ್ಲಿ ಸೇರಿದರು. ಕೆಳಗಿನ ಹೊಂಡದಲ್ಲಿ ಮೀನುಮರಿಗಳು ಇನ್ನೂ ಉಳಿದಿದ್ದವು. ನಾಳೆ ಅವನ್ನು ಯಾರು ತರಬೇಕು? ಎಲ್ಲರ ಕಣ್ಣು ಚೆಲುವಯ್ಯನ ಕೆಂಪು ಕಾರಿನ ಕಡೆ ಹೋಯಿತು. ಜುಂಜಣ್ಣ ತಲೆ ತಗ್ಗಿಸಿ ಹಿಂದೆ ಸರಿದು ನಿಂತ. ಇಷ್ಟು ವರ್ಷ ತಾನು ಮಾಡಿದ ಕೆಲಸ ಇವತ್ತಿಗೆ ಕೈಬಿಟ್ಟಿತು ಎಂದುಕೊಂಡ.

“ಜುಂಜಣ್ಣನೇ ತರಲಿ” ಎಂದಳು ಹೊನ್ನಕ್ಕ.

ಎಲ್ಲರೂ ಬೆರಗಾದರು. ಬೆಳಗ್ಗೆ ಯಾರ ಮಕ್ಕಳು ಸಾಯುವುದರಲ್ಲಿದ್ದವೋ, ಅವಳೇ ಈ ಮಾತು ಹೇಳುವುದೇ!

“ಅವನ ಗಾಡಿಗೆ ಏನೇನು ಕಾಯಿಲೆ ಅಂತ ಈಗ ಕಾಡಿಗೆಲ್ಲ ಗೊತ್ತಾಗಿದೆ” ಎಂದು ಹೊನ್ನಕ್ಕ ಮೆಲ್ಲಗೆ ಮೊಲದ ಕಡೆ ತಿರುಗಿದಳು. “ಚೆಲುವಯ್ಯ, ನಿನ್ನ ಉಪಕಾರ ಮರೆಯೋದಿಲ್ಲ. ಆದರೆ ನಿನ್ನ ಗಾಡಿ ಬಗ್ಗೆ ಚೆನ್ನಾಗಿದೆ ಅನ್ನೋದು ಬಿಟ್ಟು ನೀನು ಇನ್ನೂ ಏನೂ ಹೇಳಿಲ್ಲವಲ್ಲಪ್ಪ.”

ಚೆಲುವಯ್ಯ ಕಿವಿ ಕೆರೆದುಕೊಂಡ.

“ಬ್ರೇಕ್ ಸ್ವಲ್ಪ ಕಿರುಗುಟ್ತದೆ ಅಕ್ಕ” ಎಂದ.

ನೀತಿ: ಹೆಚ್ಚು ಬಲ ಬೇಡುವ ಮುನ್ನ ಇರುವ ಬಿರುಕನ್ನು ಒಪ್ಪಿಕೊಳ್ಳಬೇಕು, ಮುಚ್ಚಿಟ್ಟ ದೋಷಕ್ಕೆ ಹೊಸ ಬಲವೇ ಶತ್ರು.