ಆಷಾಢದ ಹಂದರ

"ಅಜ್ಜಾರ, ನಾ ಪೂರ್ತಿ ಸುಧಾರಿಸೂ ಮಟ ಇಲ್ಲೇ ಇದ್ರ ಆಗೂದಿಲ್ಲೇನ್ರಿ?"

ಕೇಳಿದವನು ಕಲ್ಲಿನಾಥ. ಕೇಳಿಸಿಕೊಂಡವರು ಮಠದ ಅಜ್ಜ.

ಕಲ್ಲಿನಾಥ ತನ್ನೂರಿನ ಭಜನಾ ಮೇಳದಲ್ಲಿ ಮುಂದೆ ನಿಂತು ಹಾಡುತ್ತಿದ್ದವನು. ಒಂದು ಜಾಗರಣೆಯ ದಿನ ತುಂಬಿದ ಸಭೆಯಲ್ಲಿ ಪದ ಮರೆತು ನಿಂತುಬಿಟ್ಟ. ಜನ ನಕ್ಕರು. ಆ ಅವಮಾನ ತಾಳಲಾರದೆ ಮಠಕ್ಕೆ ಬಂದ. ಅಜ್ಜ ಇರಲು ಒಂದು ಕೋಲಿ ಕೊಟ್ಟರು, ಒಂದು ತಂಬೂರಿ ಕೊಟ್ಟರು, "ಇರು" ಅಂದರು. ಅವನು ಇದ್ದ. ದನಿ ಎಂದೋ ಮರಳಿ ಬಂದಿತ್ತು. ಪ್ರಸಾದಕ್ಕೆ ಬಂದವರು ಅವನ ಕಿಟಕಿಯ ಕೆಳಗೆ ನಿಂತು ಕೇಳಿಯೇ ಮುಂದೆ ಹೋಗುತ್ತಿದ್ದರು. ಅವನು ಮಾತ್ರ ಕೋಲಿಯ ಹೊಸ್ತಿಲು ದಾಟಿ ಒಂದು ಸಾಲೂ ಹಾಡಿರಲಿಲ್ಲ. ಇವತ್ತು ಮೇಳದ ಹಿರಿಯರು ಬಂದು ಪಡಸಾಲೆಯಲ್ಲಿ ಕೂತಿದ್ದರು. ಈ ಶ್ರಾವಣಕ್ಕೆ ಕಲ್ಲಿನಾಥ ಬಾರದಿದ್ದರೆ ಮೇಳ ಮುರಿದಂತೆಯೇ ಅಂತ ಹೇಳಿ, ಉತ್ತರಕ್ಕೆ ಕಾದಿದ್ದರು.

ಅಜ್ಜ ಪಕ್ಕದ ಚಾಪೆ ತೋರಿಸಿದರು. "ಕೂಡು. ಒಂದು ರೈಲ್ ಡಬ್ಬಿ ಕತಿ ಹೇಳ್ತೀನಿ," ಅಂದರು. ಕತೆಗೆ ಕೂತರೆ ಅಜ್ಜನ ವಯಸ್ಸು ಎಲ್ಲಿ ಹೋಗುತ್ತದೋ ಗೊತ್ತಿಲ್ಲ. ಕಣ್ಣು ಹೊಳೆಯುತ್ತವೆ, ಕೈ ಒಂದು ಕಡೆ ನಿಲ್ಲುವುದಿಲ್ಲ. ಅವರು ಹೇಳಿದ ಕತೆ ಇದು.

ಒಂದು ಜಂಕ್ಷನ್ ಊರು. ಅಲ್ಲೊಬ್ಬ ಗಾರ್ಡು. ಗಾರ್ಡು ಅಂದರೆ ರೈಲಿನ ಕಟ್ಟಕಡೆಯ ಡಬ್ಬಿಯಲ್ಲಿ ನಿಂತು ಹಸಿರು ನಿಶಾನೆ ತೋರಿಸುವವನು. ಎಲ್ಲರನ್ನೂ ಊರು ಮುಟ್ಟಿಸಿ ತಾನು ಕೊನೆಗೆ ಮುಟ್ಟುವವನು. ನಿವೃತ್ತನಾದ ಮೇಲೂ ದಿನಕ್ಕೊಮ್ಮೆ ರೈಲ್ವೆ ಯಾರ್ಡಿಗೆ ಹೋಗಿ ಬಾರದಿದ್ದರೆ ಅವನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಯಾರ್ಡಿನ ಮೂಲೆಯ ಒಂದು ಹಾಳು ಹಳಿಯ ಮೇಲೆ, ಅವನು ನೌಕರಿಗೆ ಸೇರಿದ ದಿನ ಹತ್ತಿದ ಡಬ್ಬಿ ನಿಂತಿತ್ತು. ಅಪ್ಪಟ ಸಾಗವಾನಿಯದು. ಮೇಲಿನ ಮಾಡಿಗೆ ಬಿಗಿದ ಕ್ಯಾನ್ವಾಸು ಹರಿದಿತ್ತು, ಹಲಗೆಗಳು ಬಾಯಿ ಬಿಟ್ಟಿದ್ದವು, ಒಳಗೆ ಪಾರಿವಾಳಗಳು ಸಂಸಾರ ಹೂಡಿದ್ದವು.

ಅದನ್ನು ಒಡೆದು ಸೌದೆಗೆ ಹಾಕುತ್ತಾರೆ ಅಂತ ಕೇಳಿದ ದಿನ ಗಾರ್ಡು ಸೀದಾ ಯಾರ್ಡಿನ ಸಾಹೇಬನ ಮುಂದೆ ಹೋಗಿ ನಿಂತ. ಒಡೆಯಬೇಡಿ, ನಾನು ದುರಸ್ತಿ ಮಾಡುತ್ತೇನೆ ಅಂದ. ಸಾಹೇಬ ಒಳ್ಳೆಯವನು. ಮಾಡು, ಆದರೆ ಮಳೆ ಹಿಡಿಯುವುದರೊಳಗೆ ಅದರ ಮೇಲೊಂದು ಸೂರು ಇರಬೇಕು. ಬಯಲಲ್ಲಿ ನೆನೆದು ಕೊಳೆಯುವುದಾದರೆ ಒಡೆಯುವುದೇ ವಾಸಿ ಅಂದ.

ಸಾಹೇಬ ಹೇಳಿದ್ದು ಸುಳ್ಳಲ್ಲ. ಗಾರ್ಡು ಅವಸರ ತಡೆಯಲಾರದೆ ಅದಾಗಲೇ ಒಂದು ಬಾಗಿಲು ಕೆರೆದು, ಉಜ್ಜಿ, ಪಾಲಿಶ್ ಹೊಡೆದಿದ್ದ. ಮರುದಿನ ಅಡ್ಡಮಳೆ ಬಂತು, ಬಾಗಿಲು ಉಬ್ಬಿತು. ಅದರ ಬೆನ್ನಿಗೇ ಬಿಸಿಲು ಬಂತು, ಬಾಗಿಲು ಸೀಳಿತು. ಪಾಲಿಶ್ ಹಪ್ಪಳದ ಹಾಗೆ ಎದ್ದು ಕೈಗೆ ಬಂತು. ಬಯಲಲ್ಲಿ ಮಾಡಿದ ಕೆಲಸ ಬಯಲಿಗೇ ಹೋಗುತ್ತದೆ ಅಂತ ಅವನಿಗೆ ಮನವರಿಕೆಯಾಯಿತು. ಮೊದಲು ಸೂರು, ಆಮೇಲೆ ಡಬ್ಬಿ.

ಸೂರು ಹುಡುಕುತ್ತ ಹೊರಟ. ಕಲ್ಲು ಕಟ್ಟಡದವನನ್ನು ಕೇಳಿದ. ಅವನು ಹೇಳಿದ ಖರ್ಚು ಕೇಳಿ ನಿಂತಲ್ಲೇ ಕೈಮುಗಿದ. ಕಬ್ಬಿಣದ ಶೆಡ್ಡಿನವನನ್ನು ಕೇಳಿದ. ಅವನ ಮಾತು ಕೇಳಿದ ಮೇಲೆ ಕಲ್ಲಿನವನೇ ಧರ್ಮಾತ್ಮನಂತೆ ಕಂಡ. ಆಕಾಶದಲ್ಲಿ ಮೋಡ ಓಡಾಡತೊಡಗಿದ್ದವು. ಗಾರ್ಡು ತಲೆಯೆತ್ತಿ ನೋಡಿದಾಗಲೆಲ್ಲ ಹೆಜ್ಜೆ ಚುರುಕಾಗುತ್ತಿತ್ತು.

ಆಗ ಒಬ್ಬ ಹತ್ತಿ ವ್ಯಾಪಾರಿ ತಾನಾಗಿಯೇ ಹೇಳಿಕಳಿಸಿದ. ಯಾರ್ಡಿಗೆ ಅಂಟಿಕೊಂಡೇ ಅವನ ದೊಡ್ಡ ಗೋದಾಮು. ಹಿಂದೆ ಹತ್ತಿ ತುಂಬಿಸಲೆಂದು ಹಾಕಿದ ಹಳಿ ಸೀದಾ ಅದರ ಬಾಗಿಲೊಳಗೇ ಹೋಗುತ್ತಿತ್ತು. ಡಬ್ಬಿಯನ್ನು ತಳ್ಳಿಕೊಂಡು ಬಾ, ಎಷ್ಟು ಕಾಲ ಬೇಕಾದರೂ ಇಡು, ಬಾಡಿಗೆ ಬೇಡ ಅಂದ. ಗಾರ್ಡಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಓಡಿದ. ವ್ಯಾಪಾರಿ ಬೀಗ ತೆಗೆದ. ಒಳಗೆ ಎಂಥ ತಂಪು! ಎಂಥ ಒಣ ನೆಲ! ಒಂದು ಹನಿ ಸೋರಿದ ಗುರುತಿಲ್ಲ. ಗಾರ್ಡು ಮನಸ್ಸಿನಲ್ಲೇ ಡಬ್ಬಿಯನ್ನು ತಂದು ನಿಲ್ಲಿಸಿಯೂ ಬಿಟ್ಟ.

ಆಮೇಲೆ ಅವನ ಕಣ್ಣು ಕತ್ತಲೆಗೆ ಒಗ್ಗಿತು. ಅಲ್ಲೊಂದು ಟಾಂಗಾ ಇತ್ತು, ಮೇಲೆ ಬಟ್ಟೆ ಹೊದಿಸಿತ್ತು. ಒಂದು ಮಗ್ಗ, ಅದಕ್ಕೂ ಬಟ್ಟೆ. ಸರಪಳಿ ಇಲ್ಲದ ಒಂದು ತೂಗುಮಂಚ. ಎಲ್ಲವೂ ದುರಸ್ತಿಗೆಂದು ಇಟ್ಟವು. ಕೆಲವನ್ನು ವ್ಯಾಪಾರಿಯ ಅಪ್ಪ ಇಟ್ಟಿದ್ದನಂತೆ.

"ಇಲ್ಲೆ ಇಟ್ಟದ್ದು ಒಂದೂ ಕೆಟ್ಟಿಲ್ಲ ನೋಡ್ರಿ," ಅಂದ ವ್ಯಾಪಾರಿ.

"ಖರೇ ಐತ್ರಿ," ಅಂದ ಗಾರ್ಡು. "ಆದ್ರ ಒಂದಾದ್ರೂ ಹೊರಗ ಬಂದೈತೇನ್ರಿ?"

ವ್ಯಾಪಾರಿ ಪ್ರಾಮಾಣಿಕ ಮನುಷ್ಯ. ಸಾಮಾನುಗಳ ಮೇಲೊಮ್ಮೆ ಕಣ್ಣಾಡಿಸಿದ. "ಇಲ್ಲಪಾ. ಬಂದರಾತು, ಅವಸರ ಏನೈತಿ?" ಅಂದ.

ಗಾರ್ಡಿಗೆ ಭಯವಾಯಿತು. ಗೋದಾಮಿನ ಭಯವಲ್ಲ, ತನ್ನದೇ ಭಯ. ಅವನು ತನ್ನನ್ನು ಬಲ್ಲ. ಈ ತಂಪಿನಲ್ಲಿ ಡಬ್ಬಿಗೂ ಅವಸರ ಇರುವುದಿಲ್ಲ, ತನಗೂ ಇರುವುದಿಲ್ಲ. ವ್ಯಾಪಾರಿಗೆ ಕೈಮುಗಿದು, ಮನಸ್ಸಿಲ್ಲದಿದ್ದರೂ ಬೇಡ ಅಂತ ಹೇಳಿಯೇ ಹೊರಬಿದ್ದ.

ಈಗ ಗತಿ ಏನು? ಕೈಗೆ ಬಂದ ಸೂರನ್ನೂ ಬಿಟ್ಟು ಬಂದ ಮೂರ್ಖ ತಾನು ಅಂತ ಬೈದುಕೊಳ್ಳುತ್ತ ನಡೆದ. ದಾರಿಯಲ್ಲಿ ಹಂದರ ಹಾಕುವವನ ಅಂಗಳ. ಮದುವೆ ಮನೆಗಳ ಮುಂದೆ ಹಂದರ ಹಾಕುವುದು ಅವನ ಕಸಬು. ಬಿದಿರಿನ ಗಳಗಳು ರಾಶಿ ಬಿದ್ದಿದ್ದವು. ತಗಡು, ತಾಡಪತ್ರಿ, ಹಗ್ಗ ಎಲ್ಲವೂ ಬಿದ್ದಿದ್ದವು. ಅವನು ಅವುಗಳ ಮೇಲೆ ನೊಣ ಹೊಡೆಯುತ್ತ ಕೂತಿದ್ದ. ಆಷಾಢ ಹುಟ್ಟುತ್ತಿತ್ತು. ಆಷಾಢದಲ್ಲಿ ಮದುವೆ ಎಲ್ಲಿಯದು?

ಗಾರ್ಡು ನಿಂತ. ಅವನ ತಲೆಯೊಳಗೆ ಸಿಗ್ನಲ್ ಬಿತ್ತು. ಮದುವೆ ಇಲ್ಲದ ತಿಂಗಳೂ ಇದೇ, ಮಳೆ ಸುರಿಯುವ ತಿಂಗಳೂ ಇದೇ!

"ಏ ತಮ್ಮಾ, ಆಷಾಢ ಪೂರ್ತಿ ನನಗೊಂದು ಹಂದರ ಹಾಕ್ತೀಯೇನೋ?" ಅಂತ ರಸ್ತೆಯಿಂದಲೇ ಕೂಗಿದ.

"ಹಾಕ್ತೀನಲ್ರಿ! ಮಲಗಿಸಿದ ಗಳಕ್ಕ ಗೆದ್ದಲ ಹತ್ತತೈತಿ, ನಿಂತ್ರ ನನಗೂ ಛಲೋ. ನಿಮ್ಮ ಕೈಲಾದಷ್ಟು ಕೊಡ್ರಿ," ಅಂದ ಅವನು ಎದ್ದು ನಿಂತು. "ಆದ್ರ ಶ್ರಾವಣದ ಮೊದಲನೇ ಲಗ್ನಕ್ಕ ಬಿಚ್ಚಾಂವ. ನೀವು ಅತ್ರೂ ಬಿಚ್ಚಾಂವ."

ಅವತ್ತೇ ಗಾಡಿಗೆ ಗಳ ಏರಿದವು. ಆದರೆ ಹಂದರ ಅಂದಮೇಲೆ ಅದಕ್ಕೊಂದು ಕ್ರಮವಿದೆ. ಮೊದಲ ಕಂಬ ಹಾಲಗಂಬ. ಗುಂಡಿಗೆ ಹಾಲು ಹೊಯ್ಯಬೇಕು, ಕಂಬಕ್ಕೆ ಅರಿಷಿಣ ಹಚ್ಚಬೇಕು, ಮಾವಿನೆಲೆ ಕಟ್ಟಬೇಕು. ಅದಾಗದೆ ಎರಡನೆಯ ಗಳ ಮುಟ್ಟುವವನಲ್ಲ ಅವನು. ಗಾರ್ಡಿಗೆ ಮಳೆಯ ಚಿಂತೆ. ಏನಾದರೂ ಮಾಡು, ಬೇಗ ಮಾಡು ಅಂದ. ಹಾಲಗಂಬ ನಿಂತಿತು. ಸಂಜೆಯೊಳಗೆ ಡಬ್ಬಿಯ ಮೇಲೆ ಹಂದರ ಎದ್ದಿತು. ಹಂದರದವನ ಕಡೆಯ ಹಗ್ಗದ ಗಂಟಿಗೂ ಮೊದಲ ಹನಿಗೂ ಹಣಾಹಣಿ, ಗಂಟೇ ಗೆದ್ದಿತು! ತಗಡಿನ ಮೇಲೆ ಮಳೆ ಬಡಿಯುವ ಸದ್ದು ಕೇಳಿ ಗಾರ್ಡು ಹಂದರದ ಕೆಳಗೆ ನಿಂತು ಒಬ್ಬನೇ ಗಹಗಹಿಸಿ ನಕ್ಕ.

ಆದರೆ ಮಾವಿನೆಲೆ ಕಟ್ಟಿದ ಹಾಲಗಂಬ ಕಂಡರೆ ಜನ ಏನು ತಿಳಿಯಬೇಕು ಹೇಳು? ಆಷಾಢದಲ್ಲಿ ಮದುವೆ! ಅದೂ ರೈಲು ಯಾರ್ಡಿನಲ್ಲಿ! ಊರಿಗೆ ಊರೇ ಗುಲ್ಲೆದ್ದಿತು. ಯಾರ ಮದುವೆ ಅಂತ ವಿಚಾರಿಸಿದರು. ಹಂದರ ಹಾಕಿಸಿದವನು ಗಾರ್ಡು ಅಂತ ತಿಳಿಯಿತು. ಹಾಗಾದರೆ ಮದುವಣಿಗ ಅವನೇ ಇರಬೇಕು ಅಂತ ಯಾರೋ ತೀರ್ಮಾನಿಸಿಬಿಟ್ಟರು. ಸುದ್ದಿ ನೀರಿನ ನಲ್ಲಿಯ ಹತ್ತಿರ ಗಾರ್ಡಿನ ಹೆಂಡತಿಗೇ ಮುಟ್ಟಿತು.

ಇಲ್ಲಿ ಕಲ್ಲಿನಾಥ ತಡೆಯಲಾರದೆ ನಕ್ಕುಬಿಟ್ಟ. ಅಜ್ಜನೂ ನಕ್ಕರು, ಕಣ್ಣೊರೆಸಿಕೊಂಡು ಮುಂದುವರಿಸಿದರು.

ಅವಳು ಕೊಡ ಅಲ್ಲೇ ಬಿಟ್ಟು ಬಂದಳು. ಬೆನ್ನಿಗೆ ಅರ್ಧ ಓಣಿ. ಬಂದು ನೋಡಿದರೆ ಹಂದರದ ಕೆಳಗೆ ಧೂಳು ಹಿಡಿದ ಡಬ್ಬಿ. ಅದರ ಪಕ್ಕ ಕಳ್ಳನ ಹಾಗೆ ನಿಂತ ಗಂಡ. ಅವಳು ಡಬ್ಬಿಯ ಸುತ್ತ ಒಂದು ಸುತ್ತು ಬಂದಳು. ಹಾಲಗಂಬ ನೋಡಿದಳು. ಸಿಟ್ಟು ಎಲ್ಲಿ ಹೋಯಿತೋ, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹಂದರ ಹಾಕೀರಿ, ಸರಿ. ಮದುಮಗಳಿಗೆ ಅರಿಷಿಣ ಹಚ್ಚಾವ್ರು ಯಾರು?"

ಅಂದವಳೇ ಒದ್ದೆ ಅರಿವೆಯಿಂದ ಹಲಗೆ ಒರೆಸತೊಡಗಿದಳು. ಬಂದ ಹೆಂಗಸರು ಬರಿಗೈಯಲ್ಲಿ ನಿಲ್ಲುವುದು ಹೇಗೆ? ಹಂದರದ ಕೆಳಗೆ ಬಂದಮೇಲೆ ಕೆಲಸಕ್ಕೆ ಕೈ ಹಚ್ಚದೆ ಹೋದರೆ ನಾಲ್ಕು ಮಂದಿ ಆಡಿಕೊಳ್ಳುತ್ತಾರೆ. ಅವರೂ ಒರೆಸಿದರು. ಹಾಡು ಎದ್ದಿತು. ಧೂಳಿನ ಕೆಳಗಿಂದ ಸಾಗವಾನಿ ಹೊಳೆಯಿತು, ಥೇಟ್ ಅರಿಷಿಣದ ಮೈ!

ಅಲ್ಲಿಂದ ಹಂದರಕ್ಕೆ ಪುರುಸೊತ್ತಿಲ್ಲ. ಆಷಾಢದಲ್ಲಿ ಬಣ್ಣದವನಿಗೆ ಕೆಲಸವಿಲ್ಲ, ಅವನು ಬಂದ. ಲಗ್ನದ ಮಂಚ ಮಾಡುವ ಬಡಗಿ ಬಂದು ಬಾಯಿಬಿಟ್ಟ ಹಲಗೆ ಜೋಡಿಸಿದ. ದರ್ಜಿ ಬಂದು ಮಾಡಿನ ಕ್ಯಾನ್ವಾಸು ಹೊಲಿದ. ಹೊರಗೆ ಮಳೆ ಧೋ ಅನ್ನುತ್ತಿತ್ತು, ಒಳಗೆ ಪಾಲಿಶ್ ಒಣಗುತ್ತಿತ್ತು. ಗೋಡೆ ಇಲ್ಲದ ಹಂದರ. ಹಳಿಯ ಪಕ್ಕದ ಕಾಲುದಾರಿಯಲ್ಲಿ ಹೋಗುವವರು ಬರುವವರು ಎಲ್ಲರಿಗೂ ಕಾಣುತ್ತಿತ್ತು. ಕಂಡವರು ಸುಮ್ಮನೆ ಹೋಗಲಿಲ್ಲ. "ಏನ್ರೀ ಗಾರ್ಡ್‌ಸಾಹೇಬ್ರ, ಲಗ್ನ ಯಾವಾಗ?" ಅಂತ ಕೇಳಿಯೇ ಹೋದರು. ಹಂದರ ಹಾಕಿ ಕೂತವನು "ಆದಾಗ ಆದೀತು" ಅನ್ನಲು ಬರುವುದಿಲ್ಲ. ಗಾರ್ಡು ಎದೆ ಗಟ್ಟಿ ಮಾಡಿಕೊಂಡು "ಶ್ರಾವಣದಾಗ!" ಅಂದ. ಒಮ್ಮೆ ಅಂದಮೇಲೆ ಮುಗಿಯಿತು. ಊರಿಗೆಲ್ಲ ಹೇಳಿದ ಹಾಗಾಯಿತು.

ಶ್ರಾವಣ ಬಂದೇ ಬಂತು. ಹಂದರದವನೂ ಬಂದ. ಗಾರ್ಡು ಬೇಡಿಕೊಂಡ. ಒಂದು ಕಿಟಕಿಗೆ ಇನ್ನೊಂದು ಕೈ ಬಣ್ಣ ಬೇಕು, ಮೆಟ್ಟಿಲಿನ ಹಿಡಿ ಬಂದಿಲ್ಲ, ಮಾಡಿನ ಕ್ಯಾನ್ವಾಸಿಗೆ ಬಳಿದ ಬಣ್ಣ ನೀರು ತಡೆಯುತ್ತದೋ ಇಲ್ಲವೋ ಇನ್ನೂ ನೋಡಿಲ್ಲ ಅಂದ. ಹಂದರದವನು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ಕಡೆ ಬೀಗರು ಬಂದು ಕೂತಿದ್ದರು, ಅವನಿಗೆ ಗಳ ಬೇಕಿತ್ತು. ಹಗ್ಗ ಬಿಚ್ಚತೊಡಗಿದ. ಕೆಲಸ ಮಾಡಿದವರೆಲ್ಲ ಕಡೆಯ ಸಲ ನೋಡಲು ನೆರೆದಿದ್ದರು. ಸಾಹೇಬನೂ ಬಂದಿದ್ದ. ಡಬ್ಬಿ ನಿಜಕ್ಕೂ ಸಿದ್ಧವಾಗಿದ್ದರೆ ಪ್ಲಾಟ್‌ಫಾರ್ಮಿಗೆ ಒಯ್ಯಲೆಂದು ಒಂದು ಇಂಜಿನ್ನನ್ನೂ ಕರೆಸಿದ್ದ.

ಮೊದಲ ತಗಡು ಇಳಿಯಿತು. ಎರಡನೆಯದು ಇಳಿಯಿತು. ಕಡೆಯ ತಗಡು ಇಳಿಯುವುದಕ್ಕೂ ಆಕಾಶ ಹರಿದು ಬೀಳುವುದಕ್ಕೂ ಸರಿಹೋಯಿತು. ಎಂಥ ಮಳೆ! ಅಷ್ಟು ಜನಕ್ಕೆ ನಿಲ್ಲಲು ನೆಲೆಯಿಲ್ಲ. ಗಾರ್ಡು ಕಣ್ಣು ಮುಚ್ಚಿದ. ಅಷ್ಟು ದಿನದ ಕೆಲಸ ಹಪ್ಪಳವಾಗಿ ಏಳುವುದನ್ನು ನೋಡಲು ಅವನಿಗೆ ಧೈರ್ಯವಿರಲಿಲ್ಲ.

ಯಾರೋ "ಒಳಗ ನಡೀರಿ!" ಅಂತ ಕೂಗಿದರು. ಬಡಗಿ ಹತ್ತಿದ, ದರ್ಜಿ ಹತ್ತಿದ, ಹೆಂಗಸರು ಹತ್ತಿದರು, ಸಾಹೇಬ ಟೋಪಿ ಹಿಡಿದುಕೊಂಡು ಹತ್ತಿದ. ಬಿಚ್ಚಿ ಕೆಳಗಿಳಿಸಿದ ಗಳ ಅಲ್ಲೇ ಬಿಟ್ಟು ಹಂದರದವನೂ ಹತ್ತಿದ. ಹೆಂಡತಿ ಬಾಗಿಲಿಂದ ಕೈ ಚಾಚಿ ಗಂಡನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಗಾರ್ಡು ಕಣ್ಣು ಬಿಟ್ಟ. ಎಲ್ಲರೂ ತಲೆಯೆತ್ತಿ ಮಾಡನ್ನೇ ನೋಡುತ್ತಿದ್ದರು.

ಒಂದು ಹನಿ ಸೋರಲಿಲ್ಲ.

ಸೂರು ಬೇಡುತ್ತಿದ್ದ ಡಬ್ಬಿ ಈಗ ಅಷ್ಟು ಮಂದಿಗೆ ಸೂರಾಗಿ ನಿಂತಿತ್ತು. ಸಾಹೇಬ ಕಿಟಕಿಯಿಂದ ಕೈ ಬೀಸಿದ. ಇಂಜಿನ್ನು ಬಂದು ತಾಗಿತು. ಗಾರ್ಡು ಓಡಿಹೋಗಿ ಹಿಂದಿನ ಬಾಗಿಲಲ್ಲಿ ತನ್ನ ಹಳೆಯ ಜಾಗದಲ್ಲಿ ನಿಂತ, ಸೀಟಿ ಊದಿದ, ಸುರಿಯುವ ಮಳೆಯಲ್ಲಿ ಹಸಿರು ನಿಶಾನೆ ಬಿಚ್ಚಿದ. ಗಾಲಿ ತಿರುಗಿತು! ಒಳಗಿದ್ದವರ ಕೇಕೆಗೆ ಪ್ಲಾಟ್‌ಫಾರ್ಮಿನ ಜನ ಎದ್ದು ನಿಂತರು. ಹಿಂದೆ ಬಯಲಲ್ಲಿ ಹಾಲಗಂಬ ಒಂದೇ ನಿಂತು ನೆನೆಯುತ್ತ ಉಳಿಯಿತು.

ಅಜ್ಜ ಕತೆ ನಿಲ್ಲಿಸಿದರು. ಕಲ್ಲಿನಾಥನ ಮುಖ ಅರಳಿತ್ತು. ಅವನು ತಾನೇ ಆ ಡಬ್ಬಿಯೊಳಗೆ ಇದ್ದು ಬಂದವನ ಹಾಗೆ ಏದುಸಿರು ಬಿಡುತ್ತಿದ್ದ. ತಾನು ಕೇಳಿದ ಪ್ರಶ್ನೆ ಅವನಿಗೆ ಮರೆತೇಹೋಗಿತ್ತು. "ಛಲೋ ಕತಿ ಅಜ್ಜಾರ!" ಅಂದ. "ಆ ಹಂದರದಾಂವ ಒಂದು ದಿನಾನೂ ಬಿಡಲಿಲ್ಲ ನೋಡ್ರಿ, ಅದಕ್ಕ ಆತು!"

ಅಜ್ಜ ಎದ್ದರು. ಪಡಸಾಲೆಯಲ್ಲಿ ಕಾದಿದ್ದ ಹಿರಿಯರ ಕಡೆಗೊಮ್ಮೆ ನೋಡಿದರು. ಆಮೇಲೆ ಕಲ್ಲಿನಾಥನ ಹೆಗಲ ಮೇಲೆ ಕೈಯಿಟ್ಟರು.

"ಶ್ರಾವಣಕ್ಕ ನಿನ್ನ ಕೋಲಿ ನನಗ ವಾಪಸ್ ಬೇಕಪಾ, ಕಲ್ಲಿನಾಥ."